ಪೊಲೀಸರ ಮೇಲೆ ದೂರು, ಇಲಾಖಾ ವಿಚಾರಣೆ, ಶಿಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಕೇಳಿಕೊಂಡು ಬರುವವರು ಎರಡು ಥರದವರು. ಠಾಣೆಯಲ್ಲಿ ಅವಮಾನವಾಗಿ, ಏಟು ತಿಂದು, ಇಲ್ಲವೇ ಸುಮ್ನೆ ಅಲೆದಾಡಿ ಸುಸ್ತಾದ ಜನ ಒಂದು ಕಡೆ. ಮೇಲಿನವರಿಂದ ನೋಟಿಸ್ ಬಂದು, ಕೆಲಸ ಉಳಿಯುತ್ತೋ ಇಲ್ಲವೋ ಅಂತ ನಿದ್ದೆಗೆಟ್ಟ ಕಾನ್‌ಸ್ಟೇಬಲ್, ಪಿಎಸ್‌ಐಗಳು ಇನ್ನೊಂದು ಕಡೆ. ಇಬ್ಬರನ್ನೂ ಕೊನೆಗೆ ಕಾಪಾಡುವುದು ಕಾಗದವೇ. ಅದಕ್ಕೇ ಇಬ್ಬರ ಪ್ರಶ್ನೆಗಳನ್ನೂ ಒಟ್ಟಿಗೆ ಇಟ್ಟಿದ್ದೇನೆ. ಇಲ್ಲಿ ಹೇಳಿರುವುದು ಕರ್ನಾಟಕದ ಮಟ್ಟಿಗೆ.

ಪೊಲೀಸರ ದುರ್ನಡತೆ ಅಂದರೆ ಏನೇನು ಬರುತ್ತದೆ?

ಜನ ಅಂದುಕೊಂಡಿರುವುದಕ್ಕಿಂತ ಜಾಸ್ತಿ. ಲಂಚ, ಲಾಕಪ್‌ನಲ್ಲಿ ಹೊಡೆತ, ಸುಳ್ಳು ಕೇಸು ಎಲ್ಲರಿಗೂ ಗೊತ್ತು. ಆದರೆ ದೂರು ದಾಖಲಿಸದೆ ಇರುವುದು, ಬಂದವರನ್ನು ಏಕವಚನದಲ್ಲಿ ಬೈಯುವುದು, ಡ್ಯೂಟಿಯಲ್ಲಿ ಕುಡಿಯುವುದು, ಹೇಳದೆ ಕೇಳದೆ ಗೈರಾಗುವುದು, ಕೇಸ್ ಫೈಲನ್ನು ತಿಂಗಳುಗಟ್ಟಲೆ ಸೈಡಿಗೆ ಹಾಕುವುದು, ರಾಜಕೀಯ ಪಕ್ಷದ ಕೆಲಸ ಮಾಡುವುದು, ಆಸ್ತಿ ವಿವರ ಮುಚ್ಚಿಡುವುದು, ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾಗುವುದು, ಎಲ್ಲವೂ ಶಿಸ್ತು ಕ್ರಮಕ್ಕೆ ಕಾರಣವಾಗುತ್ತವೆ. ಡ್ಯೂಟಿಯ ಹೊರಗೆ ಮಾಡಿದ್ದು ಲೆಕ್ಕಕ್ಕಿಲ್ಲ ಅನ್ನುವ ಹಾಗಿಲ್ಲ. ಸರ್ಕಾರಿ ನೌಕರನಿಗೆ ತಕ್ಕುದಲ್ಲದ ನಡತೆ ಎಲ್ಲೇ ಇದ್ದರೂ ತಪ್ಪೇ.

ಇದಕ್ಕೆಲ್ಲ ಯಾವ ನಿಯಮ ಅನ್ವಯಿಸುತ್ತದೆ?

ಬುಡದಲ್ಲಿ ಇರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ವಿಚಾರಣೆ ಹೇಗೆ ನಡೆಸಬೇಕು, ಯಾವ ಶಿಕ್ಷೆ ಕೊಡಬಹುದು ಅನ್ನುವುದು 1965ರ ಕರ್ನಾಟಕ ರಾಜ್ಯ ಪೊಲೀಸ್ ಶಿಸ್ತು ನಡವಳಿ ನಿಯಮಗಳಲ್ಲಿದೆ. ಏನು ಮಾಡಬಾರದು ಅನ್ನುವುದಕ್ಕೆ ಎಲ್ಲ ರಾಜ್ಯ ನೌಕರರಿಗೂ ಅನ್ವಯಿಸುವ 2021ರ ನಡತೆ ನಿಯಮಗಳಿವೆ. ಐಪಿಎಸ್ ಅಧಿಕಾರಿಗಳ ಕತೆ ಬೇರೆ, ಅದನ್ನು ಮುಂದೆ ನೋಡೋಣ.

ಠಾಣೆಯಲ್ಲಿ ದೂರು ತಗೊಳ್ಳಲೇ ಇಲ್ಲ. ಏನು ಮಾಡಲಿ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಗಂಭೀರ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಕುಟುಂಬದ ಜಗಳ, ವ್ಯವಹಾರದ ತಕರಾರು ಇಂಥ ಕೆಲವು ವಿಷಯಗಳಲ್ಲಿ ಮಾತ್ರ ಮೊದಲು ಸ್ವಲ್ಪ ವಿಚಾರಿಸಬಹುದು. 2024ರ ಜುಲೈ 1ರಿಂದ ಅಪರಾಧ ಪ್ರಕ್ರಿಯೆಯ ಹಳೇ ಕಾನೂನಾದ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ. ಅದರ 173ನೇ ಕಲಮು ಈ ವಿಷಯದ್ದು. ಮೂರು ವರ್ಷಕ್ಕಿಂತ ಕಡಿಮೆ ಇಲ್ಲದ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಕೊಟ್ಟಿದೆ. ಅದು ಬಿಟ್ಟರೆ ‘ನಾಳೆ ಬನ್ನಿ’ ಅನ್ನಲು ಕಾನೂನಿನಲ್ಲಿ ಜಾಗವಿಲ್ಲ.

‘ಇದು ನಮ್ಮ ಲಿಮಿಟ್ ಅಲ್ಲ’ ಅನ್ನುವುದೂ ಈಗ ನೆಪವಾಗುವುದಿಲ್ಲ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಅವರು ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ನಿಮಗೆ ಉಚಿತ.

ಇಷ್ಟಾದರೂ ಆಗದಿದ್ದರೆ ಅದೇ ದೂರನ್ನು ಬರಹದಲ್ಲಿ ಎಸ್‌ಪಿಗೆ ಕಳಿಸಿ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಕಮಿಷನರೇಟ್‌ಗಳಲ್ಲಾದರೆ ಡಿಸಿಪಿಗೆ. ಅಲ್ಲೂ ಉತ್ತರವಿಲ್ಲದಿದ್ದರೆ ಅಫಿಡವಿಟ್ ಸಹಿತ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ಈ ಮೆಟ್ಟಿಲು ಹಾರಿ ನೇರ ಹೈಕೋರ್ಟ್‌ಗೆ ಹೋದವರನ್ನು ವಾಪಸ್ ಕಳಿಸುವುದೇ ಹೆಚ್ಚು.

ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಅಪರಾಧದ ಮಾಹಿತಿ ದಾಖಲಿಸದ ಅಧಿಕಾರಿಯದು ಬರೀ ಶಿಸ್ತಿನ ತಪ್ಪಲ್ಲ, ಸ್ವತಃ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಮಿನಲ್ಲಿ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ ಇದೆ.

‘ಅರ್ಜಿ ತಗೊಂಡಿದ್ದೀವಿ, ವಿಚಾರಣೆ ಮಾಡ್ತೀವಿ’ ಅಂತ ಒಂದು ಚೀಟಿ ಕೊಟ್ಟಿದ್ದಾರೆ. ಅದು ಎಫ್‌ಐಆರಾ?

ಅಲ್ಲ. ಅದು ಬರೀ ಸ್ವೀಕೃತಿ. ಎಫ್‌ಐಆರ್ ಆದರೆ ಅದಕ್ಕೆ ಅಪರಾಧ ಸಂಖ್ಯೆ ಇರುತ್ತದೆ, ಕಲಮುಗಳು ಇರುತ್ತವೆ. ಹಾಗಂತ ಆ ಚೀಟಿಯನ್ನು ಬಿಸಾಡಬೇಡಿ. ನೀವು ಇಂಥ ದಿನ ಠಾಣೆಗೆ ಹೋಗಿದ್ದಿರಿ ಅನ್ನುವುದಕ್ಕೆ ಅದೇ ಸಾಕ್ಷಿ. ಕೊನೆಗೆ ‘ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯಕ್ಕೆ ಹೋಗಿ’ ಅಂತ ಹಿಂಬರಹ ಕೊಟ್ಟರೆ ಅದನ್ನೂ ಇಟ್ಟುಕೊಳ್ಳಿ. ಎಸ್‌ಪಿ ಮುಂದೆ ಹೋಗುವಾಗ ಅವೆರಡೂ ನಿಮ್ಮ ಮಾತಿಗಿಂತ ಜೋರಾಗಿ ಮಾತಾಡುತ್ತವೆ.

ಠಾಣೆಗೆ ಕರೆಸಿ ಕೂರಿಸಿಕೊಂಡರು, ಹೊಡೆದರು. ಯಾವ ನಿಯಮ ಮುರಿದಿದ್ದಾರೆ ಅಂತ ಹೇಗೆ ತಿಳಿಯುವುದು?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಡೆತವನ್ನು ಸಾಬೀತು ಮಾಡುವುದು ಕಷ್ಟ. ಅದರ ಸುತ್ತ ಮುರಿದ ನಿಯಮಗಳನ್ನು ಸಾಬೀತು ಮಾಡುವುದು ಎಷ್ಟೋ ಸುಲಭ.

ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ಸೂಚನೆಗಳು ಈ ವಿಷಯದಲ್ಲಿ ಅಡಿಗಲ್ಲು. ಬಂಧಿಸುವವರ ಎದೆ ಮೇಲೆ ಹೆಸರು, ಹುದ್ದೆ ಕಾಣುವ ಪಟ್ಟಿ ಇರಬೇಕು. ಬಂಧನದ ಮೆಮೊ ಬರೆದು, ಸಮಯ ನಮೂದಿಸಿ, ಮನೆಯವರೋ ಊರಿನ ಒಬ್ಬ ಗಣ್ಯರೋ ಸಾಕ್ಷಿ ಹಾಕಬೇಕು. ಬಂಧಿತನೂ ಸಹಿ ಮಾಡಬೇಕು. ಮನೆಯವರಿಗೆ ತಿಳಿಸಬೇಕು. ಕಸ್ಟಡಿಯಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಇವುಗಳನ್ನು ಪಾಲಿಸದವರ ಮೇಲೆ ಇಲಾಖಾ ಕ್ರಮದ ಜೊತೆಗೆ ನ್ಯಾಯಾಂಗ ನಿಂದನೆಯ ಕ್ರಮವೂ ಆಗಬಹುದು ಅಂತ ಕೋರ್ಟ್ ಹೇಳಿದೆ. ಸಂವಿಧಾನದ 22ನೇ ವಿಧಿ ಪ್ರಕಾರ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ‘ಅರೆಸ್ಟ್ ಮಾಡಿಲ್ಲ, ಸುಮ್ನೆ ವಿಚಾರಣೆಗೆ ಕೂರಿಸಿದ್ದೀವಿ’ ಅನ್ನುವುದು ಹಳೇ ಆಟ. ಎದ್ದು ಮನೆಗೆ ಹೋಗಲು ಬಿಡುತ್ತಿಲ್ಲ ಅಂದರೆ ಅದು ಬಂಧನವೇ.

ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಬಂಧಿಸುವ ಮೊದಲು, ಬಂಧನ ಯಾಕೆ ಬೇಕು ಅಂತ ಕಾರಣ ಬರೆಯಬೇಕು. ಇಲ್ಲದಿದ್ದರೆ ಹಾಜರಾಗಲು ನೋಟಿಸ್ ಕೊಟ್ಟು ಬಿಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಬಿಗಿ ಮಾಡಿತು. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದವರನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸುವ ಹಾಗೇ ಇಲ್ಲ. ಅವರಿರುವ ಕಡೆಗೇ ಪೊಲೀಸರು ಹೋಗಬೇಕು.

ಏಟು ಬಿದ್ದಿದ್ದರೆ ಮೊದಲು ಹೋಗಬೇಕಾದ್ದು ಸರ್ಕಾರಿ ಆಸ್ಪತ್ರೆಗೆ. ‘ಬಿದ್ದು ಪೆಟ್ಟಾಯಿತು’ ಅಂತ ಹೇಳಬೇಡಿ. ಯಾರು, ಎಲ್ಲಿ, ಯಾವುದರಿಂದ ಹೊಡೆದರು ಅಂತ ವೈದ್ಯರಿಗೆ ಹೇಳಿ, ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಕೇಸಿಗೆ ಸಂಬಂಧಿಸಿದ ಗಾಯಗಳನ್ನು ಆಸ್ಪತ್ರೆ ದಾಖಲಿಸುವ ಪುಸ್ತಕದಲ್ಲಿ, ಬರೆಸಿ. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ‘ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?’ ಅಂತ ಕೇಳುತ್ತಾರೆ. ಹೆದರಿ ‘ಇಲ್ಲ ಸ್ವಾಮಿ’ ಅಂದುಬಿಟ್ಟರೆ, ಆ ಎರಡು ಪದಗಳನ್ನು ಅಳಿಸಲು ಮುಂದೆ ವರ್ಷಗಟ್ಟಲೆ ಹೋರಾಡಬೇಕಾಗುತ್ತದೆ. ತಪ್ಪೊಪ್ಪಿಗೆಗಾಗಿ ಹೊಡೆಯುವುದಕ್ಕೆ ಏಳು ವರ್ಷದವರೆಗೆ, ತೀವ್ರ ಗಾಯ ಮಾಡಿದರೆ ಹತ್ತು ವರ್ಷದವರೆಗೆ ಸಜೆ ಇದೆ.

ಠಾಣೆಯ ಸಿಸಿಟಿವಿ ದೃಶ್ಯ ಕೇಳಬಹುದಾ?

ಕೇಳಬಹುದು, ಬೇಗ ಕೇಳಬೇಕು. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೊಠಡಿಗಳಲ್ಲೆಲ್ಲ ಕ್ಯಾಮೆರಾ ಇರಬೇಕು, ಧ್ವನಿಯೂ ದಾಖಲಾಗಬೇಕು ಅಂದಿದೆ. ದೃಶ್ಯವನ್ನು 18 ತಿಂಗಳು ಇಡಬೇಕು, ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆಯಂತೂ ಆಗಬಾರದು. ವಾಸ್ತವದಲ್ಲಿ ‘ಕ್ಯಾಮೆರಾ ಕೆಟ್ಟಿತ್ತು’ ಅನ್ನುವ ಉತ್ತರ ಮಾಮೂಲು. ಅದಕ್ಕೇ ಘಟನೆ ನಡೆದ ಎರಡು ಮೂರು ದಿನದಲ್ಲೇ ‘ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ಕಾಯ್ದಿಡಿ’ ಅಂತ ಎಸ್‌ಪಿ ಕಚೇರಿಗೆ ಒಂದು ಪುಟದ ಪತ್ರ ಕೊಡಿ. ಪತ್ರ ತಲುಪಿದ ಮೇಲೆ ದೃಶ್ಯ ಅಳಿಸಿಹೋದರೆ ಅದಕ್ಕೂ ಯಾರೋ ಉತ್ತರ ಕೊಡಬೇಕಾಗುತ್ತದೆ.

ಠಾಣೆಯೊಳಗೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿದರೆ ಕೇಸ್ ಹಾಕುತ್ತಾರಂತೆ?

ಠಾಣೆ ಅಧಿಕೃತ ರಹಸ್ಯ ಕಾಯ್ದೆಯಲ್ಲಿ ಹೇಳಿರುವ ‘ನಿಷೇಧಿತ ಸ್ಥಳ’ ಅಲ್ಲ ಅಂತ ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠ 2022ರಲ್ಲಿ ಹೇಳಿದೆ. ಆದರೂ ನನ್ನ ಸಲಹೆ, ಫೋನ್ ಮುಖಕ್ಕೆ ಹಿಡಿದು ಜಗಳ ಮಾಡಬೇಡಿ. ಕರ್ತವ್ಯಕ್ಕೆ ಅಡ್ಡಿ ಅಂತ ಬೇರೆ ಕೇಸ್ ಬಿದ್ದರೆ ನಿಮ್ಮ ಮೂಲ ದೂರು ಮೂಲೆಗೆ ಹೋಗುತ್ತದೆ.

ಲಂಚ ಕೇಳುತ್ತಿದ್ದಾರೆ. ಎಸ್‌ಪಿಗೆ ಹೇಳಲಾ, ಲೋಕಾಯುಕ್ತಕ್ಕೆ ಹೋಗಲಾ?

ಇನ್ನೂ ಕೊಟ್ಟಿಲ್ಲ ಅಂದರೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ಪ್ರತಿ ಜಿಲ್ಲೆಯಲ್ಲೂ ಅವರ ಕಚೇರಿ ಇದೆ. 2016ರಲ್ಲಿ ಹುಟ್ಟಿದ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದು ಮಾಡಿತು. ಹಾಗಾಗಿ ಈ ಕೆಲಸ ಮತ್ತೆ ಲೋಕಾಯುಕ್ತದ ಕೈಗೆ ಬಂದಿದೆ. ಎಸಿಬಿ ನಂಬರ್ ಹುಡುಕುತ್ತಾ ಕೂರಬೇಡಿ.

ಟ್ರ್ಯಾಪ್, ಅಂದರೆ ಲಂಚ ಪಡೆಯುವಾಗಲೇ ಹಿಡಿಯಲು ಬೀಸುವ ಬಲೆ, ಹೇಗಿರುತ್ತದೆ ಅಂತ ತಿಳಿದಿದ್ದರೆ ಭಯ ಕಡಿಮೆಯಾಗುತ್ತದೆ. ನೋಟುಗಳ ನಂಬರ್ ಬರೆದುಕೊಳ್ಳುತ್ತಾರೆ. ಅವುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ನಿಮ್ಮ ಜೊತೆ ಒಬ್ಬ ಸಾಕ್ಷಿ ಬರುತ್ತಾರೆ, ಸಾಮಾನ್ಯವಾಗಿ ಬೇರೆ ಇಲಾಖೆಯ ನೌಕರ. ನೀವಾಗಿ ಹಣ ಮುಂದೆ ಚಾಚಬಾರದು, ಅವರು ಕೇಳಿದ ಮೇಲೆಯೇ ಕೊಡಬೇಕು. ಹಣ ಪಡೆದದ್ದೇ ನೀವು ಮೊದಲೇ ಮಾತಾಡಿಕೊಂಡ ಸನ್ನೆ ಮಾಡಬೇಕು. ಒಳಗೆ ಬಂದ ತಂಡ ಆತನ ಕೈಯನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಲ್ಲಿ ಅದ್ದಿಸುತ್ತದೆ. ಪುಡಿ ತಾಗಿದ್ದರೆ ಬಣ್ಣವಿಲ್ಲದ ಆ ನೀರು ಗುಲಾಬಿಗೆ ತಿರುಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಅರಗಿನ ಮುದ್ರೆ ಹಾಕಿ, ಪಂಚನಾಮೆ ಬರೆಯುತ್ತಾರೆ.

ಕೈ ಗುಲಾಬಿಯಾದ ಮಾತ್ರಕ್ಕೆ ಕೇಸ್ ಗೆದ್ದಂತಲ್ಲ. ‘ಕೇಳಿದ್ದು’ ಸಾಬೀತಾಗಬೇಕು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಇದನ್ನೇ ಒತ್ತಿ ಹೇಳಿತು. ದೂರುದಾರ ಉಲ್ಟಾ ಹೊಡೆದರೂ ಬೇರೆ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಅಂತಲೂ ಹೇಳಿತು. ಹಾಗಾಗಿ ಫೋನ್ ಮಾತುಕತೆ, ವಾಟ್ಸ್‌ಆ್ಯಪ್ ಮೆಸೇಜ್ ಏನೇ ಇದ್ದರೂ ಉಳಿಸಿಕೊಳ್ಳಿ.

ಬಲವಂತಕ್ಕೆ ಈಗಾಗಲೇ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಕೊಟ್ಟವರೂ ಅಪರಾಧಿಗಳೇ. ಆ ಏಳು ದಿನವೇ ನಿಮಗಿರುವ ರಕ್ಷಣೆ.

ದೂರು ಕೊಡಲು ಎಷ್ಟೊಂದು ಬಾಗಿಲುಗಳಿವೆ. ಯಾವುದನ್ನು ತಟ್ಟಲಿ?

ನಡತೆ ಸರಿಯಿಲ್ಲ, ಕೆಲಸ ಮಾಡುತ್ತಿಲ್ಲ, ಬೈದರು ಇಂಥದ್ದಕ್ಕೆಲ್ಲ ಎಸ್‌ಪಿ, ಡಿಸಿಪಿಯೇ ಸರಿ. ಶಿಸ್ತು ಕ್ರಮದ ಅಧಿಕಾರ ಇರುವುದು ಅವರ ಬಳಿ.

ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ, ಸುಲಿಗೆ, ಜಾಗ ಕಬಳಿಕೆ ಇಂಥ ದೊಡ್ಡ ಆರೋಪಗಳಿಗೆ ಪೊಲೀಸ್ ದೂರು ಪ್ರಾಧಿಕಾರ ಇದೆ. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ನೋಡುವುದು ಸಾಲದು ಅಂತ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಎಸ್‌ಪಿ ಮತ್ತು ಮೇಲಿನವರ ವಿರುದ್ಧ ರಾಜ್ಯ ಮಟ್ಟದಲ್ಲಿ, ಡಿವೈಎಸ್‌ಪಿವರೆಗಿನವರ ವಿರುದ್ಧ ಜಿಲ್ಲಾ ಮಟ್ಟದಲ್ಲಿ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇದಕ್ಕೆ ಜಾಗ ಮಾಡಿತು. ಇಂಥದ್ದೊಂದು ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಠಾಣೆ ಗೋಡೆ ಮೇಲೆ ಸಹಾಯವಾಣಿಗಳ ದೊಡ್ಡ ಪಟ್ಟಿ ಇರುತ್ತದೆ, ಪ್ರಾಧಿಕಾರದ ವಿಳಾಸವನ್ನು ಹುಡುಕಬೇಕು. ಇದು ನನಗೆ ಬೇಸರದ ವಿಷಯ.

ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ವಕೀಲರು ಬೇಡ, ಕನ್ನಡದಲ್ಲೇ ಬರೆಯಬಹುದು. ಘಟನೆಯಾಗಿ ಒಂದು ವರ್ಷ ದಾಟಿರಬಾರದು. ಅದೇ ವಿಷಯವನ್ನು ದೆಹಲಿಯ ಆಯೋಗಕ್ಕೂ ಬೆಂಗಳೂರಿನ ಆಯೋಗಕ್ಕೂ ಎರಡೂ ಕಡೆ ಹಾಕಬೇಡಿ. ಕಸ್ಟಡಿ ಸಾವಾದರೆ 24 ಗಂಟೆಯೊಳಗೆ ರಾಷ್ಟ್ರೀಯ ಆಯೋಗಕ್ಕೆ ವರದಿ ಹೋಗಲೇಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆಯೂ ಆಗಬೇಕು.

ಲೋಕಾಯುಕ್ತಕ್ಕೆ ದುರಾಡಳಿತ, ಅಧಿಕಾರ ದುರುಪಯೋಗದ ದೂರನ್ನು ನಿಗದಿತ ನಮೂನೆಯಲ್ಲಿ, ಅಫಿಡವಿಟ್ ಜೊತೆ ಕೊಡಬೇಕು. ಸರ್ಕಾರ ಒಪ್ಪಿಸಿದರೆ ಇಲಾಖಾ ವಿಚಾರಣೆಯನ್ನೂ ಲೋಕಾಯುಕ್ತವೇ ನಡೆಸುತ್ತದೆ. ಅಲ್ಲಿ ವಿಚಾರಣೆ ನಡೆಸುವವರು ಆರೋಪಿಯ ಇಲಾಖೆಯವರಲ್ಲ. ಅದು ದೊಡ್ಡ ಅನುಕೂಲ.

ಒಂದೇ ದೂರನ್ನು ಮುಖ್ಯಮಂತ್ರಿಯಿಂದ ಹಿಡಿದು ರಾಷ್ಟ್ರಪತಿವರೆಗೆ ಹದಿನೈದು ಜನರಿಗೆ ಕಳಿಸುವವರಿದ್ದಾರೆ. ಪ್ರಯೋಜನ ಇಲ್ಲ. ಎಲ್ಲವೂ ಸುತ್ತಿ ಸುತ್ತಿ ಅದೇ ಎಸ್‌ಪಿ ಕಚೇರಿಯ ಅದೇ ಟೇಬಲ್‌ಗೆ ಬರುತ್ತವೆ.

ದೂರು ಹೇಗೆ ಬರೆದರೆ ಕೆಲಸಕ್ಕೆ ಬರುತ್ತದೆ?

ಚಿಕ್ಕದಾಗಿ. ‘ಇನ್‌ಸ್ಪೆಕ್ಟರ್ ಭ್ರಷ್ಟ, ರೌಡಿಗಳ ಜೊತೆ ಸೇರಿದ್ದಾನೆ’ ಅಂತ ಎರಡು ಪುಟ ಬರೆದರೆ ಅದರ ಮೇಲೆ ಯಾರೂ ಆರೋಪ ಪಟ್ಟಿ ತಯಾರಿಸಲಾರರು. ಹೀಗೆ ಬರೆಯಿರಿ: ‘ಇಂಥ ತಾರೀಖು ಬೆಳಿಗ್ಗೆ 11 ಗಂಟೆಗೆ ನಾನು ಮತ್ತು ನನ್ನ ತಮ್ಮ ಠಾಣೆಗೆ ಹೋದೆವು. ಬರಹದ ದೂರು ಕೊಟ್ಟೆವು. ಟೇಬಲ್‌ನಲ್ಲಿದ್ದ ಅಧಿಕಾರಿ ಓದಿ ವಾಪಸ್ ಕೊಟ್ಟರು. ಅವರ ಎದೆಪಟ್ಟಿಯಲ್ಲಿ ಇಂಥ ಹೆಸರಿತ್ತು. ಸಂಜೆ 4 ಗಂಟೆವರೆಗೆ ಕೂರಿಸಿ ಕಳಿಸಿದರು.’ ಇದರಲ್ಲಿ ಒಂದೂ ಬೈಗುಳ ಇಲ್ಲ. ಆದರೆ ಸಿಸಿಟಿವಿ, ಠಾಣಾ ದಿನಚರಿ, ನಿಮ್ಮ ತಮ್ಮ, ಮೂರರಿಂದಲೂ ತಾಳೆ ನೋಡಬಹುದು. ಹೆಸರು ಗೊತ್ತಿಲ್ಲದಿದ್ದರೆ ಕಾಲರ್ ನಂಬರ್, ಗಾಡಿ ನಂಬರ್ ಬರೆಯಿರಿ. ಸಹಿ, ವಿಳಾಸ ಇಲ್ಲದ ಮೂಕರ್ಜಿ ಸಾಮಾನ್ಯವಾಗಿ ಕಸದ ಬುಟ್ಟಿ ಸೇರುತ್ತದೆ.

‘ಸಸ್ಪೆಂಡ್ ಮಾಡಿದರು’ ಅಂತ ಟಿವಿಯಲ್ಲಿ ಬಂತು. ಶಿಕ್ಷೆ ಆದ ಹಾಗೆ ಅಲ್ವಾ?

ಅಲ್ಲ. ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ಮುಗಿಯುವವರೆಗೆ ಸಾಕ್ಷ್ಯ ಹಾಳಾಗದಿರಲಿ ಅಂತ ದೂರ ಇಡುವುದು. ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಬರುತ್ತಿರುತ್ತದೆ. ನೌಕರ 48 ಗಂಟೆಗಿಂತ ಜಾಸ್ತಿ ಕಸ್ಟಡಿಯಲ್ಲಿದ್ದರೆ ಅಮಾನತು ಆದಂತೆಯೇ ಲೆಕ್ಕ. ಮೂರು ತಿಂಗಳೊಳಗೆ ಆರೋಪ ಪಟ್ಟಿ ಕೊಡದಿದ್ದರೆ ಅಮಾನತನ್ನು ಎಳೆಯಬಾರದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಹಾಗಾಗಿ ಕೆಲವೇ ತಿಂಗಳಲ್ಲಿ ಅವರು ಬೇರೆ ಠಾಣೆಯಲ್ಲಿ ಕಾಣಿಸಿಕೊಂಡರೆ ಆಶ್ಚರ್ಯ ಬೇಡ.

ಎತ್ತಂಗಡಿಯೂ ಶಿಕ್ಷೆಯಲ್ಲ. ಜನರ ಸಿಟ್ಟು ಇಳಿಸಲು ಅದು ಸುಲಭದ ದಾರಿ, ಅಷ್ಟೇ. ದೂರು ಕೊಟ್ಟವರು ಸಸ್ಪೆಂಡ್ ಸುದ್ದಿ ಕೇಳಿ ಖುಷಿಯಾಗಿ ಸುಮ್ಮನಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ.

ಹಾಗಾದರೆ ಇಲಾಖಾ ವಿಚಾರಣೆ ಹೇಗೆ ನಡೆಯುತ್ತದೆ?

ಇಲಾಖೆಯಲ್ಲಿ ಇದನ್ನು ‘ಡಿಇ’ ಅನ್ನುತ್ತಾರೆ. ಮೊದಲು ಪ್ರಾಥಮಿಕ ವಿಚಾರಣೆ. ದೂರಿನಲ್ಲಿ ಹುರುಳಿದೆಯಾ ಅಂತ ಒಬ್ಬ ಅಧಿಕಾರಿ ನೋಡಿ ವರದಿ ಕೊಡುತ್ತಾರೆ. ಹುರುಳಿದೆ ಅನಿಸಿದರೆ ದೋಷಾರೋಪಣೆ ಪಟ್ಟಿ. ಅದರ ಜೊತೆ ಸಾಕ್ಷಿಗಳ ಹೆಸರು, ದಾಖಲೆಗಳ ಪಟ್ಟಿ ಇರಬೇಕು. ಆರೋಪಿ ನೌಕರ ಒಪ್ಪಿಕೊಳ್ಳದಿದ್ದರೆ ವಿಚಾರಣಾಧಿಕಾರಿಯ ನೇಮಕ. ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ನಂತರ ವರದಿ. ಆ ವರದಿಯ ಪ್ರತಿಯನ್ನು ಆರೋಪಿಗೆ ಕೊಟ್ಟು ಉತ್ತರ ಪಡೆದ ಮೇಲೆಯೇ ಶಿಸ್ತು ಪ್ರಾಧಿಕಾರ ಅಂತಿಮ ಆದೇಶ ಮಾಡಬೇಕು. 1993ರಿಂದ ಇದು ಸುಪ್ರೀಂ ಕೋರ್ಟ್‌ನ ಗಟ್ಟಿ ನಿಯಮ.

ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್‌ಗೆ ಎಸ್‌ಪಿ ಇಲ್ಲವೇ ಡಿಸಿಪಿ ಶಿಸ್ತು ಪ್ರಾಧಿಕಾರ. ಡಿವೈಎಸ್‌ಪಿ ಮಟ್ಟಕ್ಕೆ ಹೋದರೆ ಸರ್ಕಾರವೇ. ನೇಮಕ ಮಾಡಿದವರಿಗಿಂತ ಕೆಳಗಿನವರು ವಜಾ ಮಾಡುವ ಹಾಗಿಲ್ಲ ಅಂತ ಸಂವಿಧಾನದ 311ನೇ ವಿಧಿ ಹೇಳುತ್ತದೆ.

ದೂರು ಕೊಟ್ಟ ನಾನು ವಿಚಾರಣೆಗೆ ಹೋಗಲೇಬೇಕಾ?

ಹೋಗಬೇಕು. ಡಿಇಗಳು ಬಿದ್ದುಹೋಗುವುದು ಬಹುತೇಕ ಇಲ್ಲೇ. ಘಟನೆಯಾಗಿ ವರ್ಷ ಕಳೆದಿರುತ್ತದೆ, ನಡುವೆ ಯಾರೋ ಬಂದು ‘ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಬಿಟ್ಟುಬಿಡಿ’ ಅಂದಿರುತ್ತಾರೆ, ದೂರುದಾರ ‘ನೆನಪಿಲ್ಲ’ ಅಂದುಬಿಡುತ್ತಾನೆ. ಆರೋಪ ರುಜುವಾತಾಗಿಲ್ಲ ಅಂತ ಫೈಲು ಮುಚ್ಚುತ್ತದೆ. ಹಳೇ ದೂರಿನ ಪ್ರತಿ ಓದಿಕೊಂಡು ಹೋಗಿ. ಪಾಟೀಸವಾಲಿನಲ್ಲಿ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಕೂಡಿಸಿ ಹೇಳಬೇಡಿ.

ಯಾವ ಯಾವ ಶಿಕ್ಷೆ ಕೊಡಬಹುದು?

ಸಣ್ಣ ಶಿಕ್ಷೆಗಳಲ್ಲಿ ವಾಗ್ದಂಡನೆ, ಇನ್‌ಕ್ರಿಮೆಂಟ್ ತಡೆ, ಆದ ನಷ್ಟವನ್ನು ಸಂಬಳದಿಂದ ಹಿಡಿಯುವುದು ಬರುತ್ತವೆ. ದೊಡ್ಡ ಶಿಕ್ಷೆಗಳೆಂದರೆ ಹುದ್ದೆಯಿಂದ ಕೆಳಗಿಳಿಸುವುದು, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆದುಹಾಕುವುದು, ವಜಾ. ತೆಗೆದುಹಾಕಿದವರು ಮುಂದೆ ಬೇರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು. ವಜಾ ಆದವರಿಗೆ ಸಾಮಾನ್ಯವಾಗಿ ಆ ಬಾಗಿಲೂ ಮುಚ್ಚುತ್ತದೆ. ವಾಗ್ದಂಡನೆಯನ್ನು ಜನ ಲೇವಡಿ ಮಾಡುತ್ತಾರೆ. ಆದರೆ ಸೇವಾ ಪುಸ್ತಕದಲ್ಲಿ ಬಿದ್ದ ಒಂದು ಸಾಲು ಬಡ್ತಿ ಹೊತ್ತಿಗೆ ಎದ್ದು ಕೂರುತ್ತದೆ ಅಂತ ಇಲಾಖೆಯವರಿಗೆ ಚೆನ್ನಾಗಿ ಗೊತ್ತು.

ಕೋರ್ಟ್‌ನಲ್ಲಿ ಖುಲಾಸೆ ಆದರೆ ಡಿಇ ತಾನಾಗಿ ಬಿದ್ದುಹೋಗುತ್ತದಾ?

ಇಲ್ಲ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಡಿಇಯಲ್ಲಿ ‘ಹೀಗೆ ನಡೆದಿರುವ ಸಂಭವವೇ ಹೆಚ್ಚು’ ಅನ್ನುವಷ್ಟು ಸಾಕು. ಎರಡೂ ಒಟ್ಟಿಗೆ ನಡೆಯಬಹುದು. ಆದರೆ ಸಂಗತಿ, ಸಾಕ್ಷಿ ಎಲ್ಲ ಒಂದೇ ಆಗಿದ್ದರೆ ಲೆಕ್ಕ ಬದಲಾಗುತ್ತದೆ.

ಇದಕ್ಕೆ ದೇಶವೆಲ್ಲ ಉದಾಹರಿಸುವ ತೀರ್ಪು ನಮ್ಮ ಕೆಜಿಎಫ್‌ನದು. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಚಿನ್ನದ ಗಟ್ಟಿ, ಚಿನ್ನ ಬೆರೆತ ಮರಳು ಸಿಕ್ಕಿತು ಅಂತ ಕೇಸಾಯಿತು, ಅಮಾನತಾಯಿತು. ಜೀವನಾಧಾರ ಭತ್ಯೆ ಕೊಡಲಿಲ್ಲ. ಕೇರಳದ ಊರಿಗೆ ಹೋಗಿದ್ದ ಅವರಿಗೆ ಕೆಜಿಎಫ್‌ಗೆ ಬಂದು ವಿಚಾರಣೆಗೆ ಹಾಜರಾಗಲು ಖರ್ಚಿಗೇ ಹಣವಿರಲಿಲ್ಲ. ಗೈರುಹಾಜರಿಯಲ್ಲೇ ವಿಚಾರಣೆ ಮುಗಿಸಿ ವಜಾ ಮಾಡಿದರು. ಆಮೇಲೆ ಅದೇ ಸಂಗತಿ, ಅದೇ ಸಾಕ್ಷಿಗಳ ಮೇಲೆ ನಡೆದ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರು. 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಿ ಅಂದಿತು. ಅವರು ಪೊಲೀಸ್ ಇಲಾಖೆಯವರಲ್ಲ. ಆದರೂ ಅಮಾನತಾದ ಪ್ರತಿ ಕಾನ್‌ಸ್ಟೇಬಲ್‌ನ ವಕೀಲರೂ ಈ ತೀರ್ಪನ್ನು ಹಿಡಿದುಕೊಂಡೇ ಬರುತ್ತಾರೆ. ಭತ್ಯೆ ಕೊಡದೆ ವಿಚಾರಣೆ ನಡೆಸುವ ಕಚೇರಿಗಳು ತಮ್ಮ ಕೇಸನ್ನು ತಾವೇ ಕೆಡಿಸಿಕೊಳ್ಳುತ್ತವೆ.

ವಿಚಾರಣೆಯೇ ಇಲ್ಲದೆ ಮನೆಗೆ ಕಳಿಸಬಹುದಾ?

ಮೂರೇ ಸಂದರ್ಭದಲ್ಲಿ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದಾಗ, ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲ ಅಂತ ಕಾರಣ ಬರೆದಿಟ್ಟಾಗ, ದೇಶದ ಭದ್ರತೆಯ ಪ್ರಶ್ನೆ ಬಂದಾಗ. ಸಾಕ್ಷಿಗಳು ಹೆದರಿದ್ದಾರೆ ಅಂತ ಸುಮ್ನೆ ಒಂದು ಸಾಲು ಬರೆದು ವಜಾ ಮಾಡಿದರೆ ಕೋರ್ಟ್‌ನಲ್ಲಿ ನಿಲ್ಲುವುದಿಲ್ಲ.

ಪೊಲೀಸರ ಮೇಲೆ ಖಾಸಗಿ ಕೇಸ್ ಹಾಕಲು ಸರ್ಕಾರದ ಅನುಮತಿ ಬೇಕಂತೆ?

ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯವಾದರೆ ಬೇಕು. ಕರ್ನಾಟಕದಲ್ಲಿ ಇದು ಇನ್ನೂ ಬಿಗಿ. ಬಿಎನ್‌ಎಸ್‌ಎಸ್‌ನ 218ನೇ ಕಲಮಿನ ಜೊತೆಗೆ ನಮ್ಮ ಪೊಲೀಸ್ ಕಾಯ್ದೆಯ 170ನೇ ಕಲಮೂ ಅಡ್ಡ ನಿಲ್ಲುತ್ತದೆ. ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ, ಕರ್ತವ್ಯ ಮಾಡುವಾಗ ಮಿತಿ ಮೀರಿದ್ದರೂ ಆ ಕೃತ್ಯಕ್ಕೂ ಕರ್ತವ್ಯಕ್ಕೂ ನಂಟಿದ್ದರೆ ಅನುಮತಿ ಬೇಕೇ ಬೇಕು ಅಂದಿತು. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಅಪರಾಧಕ್ಕೆ ಈ ರಕ್ಷಣೆ ಇಲ್ಲ. ಗೆರೆ ಎಲ್ಲಿ ಅನ್ನುವುದೇ ಪ್ರತಿ ಕೇಸಿನ ಜಗಳ. ಹೊಸ ಕಾನೂನಿನಲ್ಲಿ ಒಂದು ಒಳ್ಳೆಯ ಬದಲಾವಣೆ ಇದೆ: 218ನೇ ಕಲಮಿನಡಿ ಅನುಮತಿ ಕೇಳಿ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆಯೇ.

ಐಪಿಎಸ್ ಅಧಿಕಾರಿಗಳನ್ನು ರಾಜ್ಯ ಸರ್ಕಾರ ವಜಾ ಮಾಡಬಹುದಾ?

ಅಮಾನತು ಮಾಡಬಹುದು, ಸಣ್ಣ ಶಿಕ್ಷೆ ಕೊಡಬಹುದು. ವಜಾ ಮಾಡುವುದು ಕೇಂದ್ರದ ಕೈಯಲ್ಲಿದೆ. ಅವರಿಗೆ 1968ರ ನಡತೆ ನಿಯಮ, 1969ರ ಶಿಸ್ತು ನಿಯಮ. ಅವರು ಹೋಗುವ ನ್ಯಾಯಮಂಡಳಿಯೂ ಕೇಂದ್ರದ್ದು, ಅಂದರೆ ಸಿಎಟಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತಾಗ ಸರ್ಕಾರ ಮರುದಿನವೇ ಪೊಲೀಸ್ ಕಮಿಷನರ್ ಸೇರಿ ಹಲವರನ್ನು ಅಮಾನತು ಮಾಡಿತು. ಜುಲೈ 1ರಂದು ಸಿಎಟಿ ಒಬ್ಬ ಹಿರಿಯ ಅಧಿಕಾರಿಯ ಅಮಾನತನ್ನು ರದ್ದುಪಡಿಸಿತು. ಜನರ ಒತ್ತಡಕ್ಕೆ ರಾತ್ರೋರಾತ್ರಿ ಆದ ಆದೇಶಗಳಿಗೆ ಇಂಥ ಅಪಾಯ ಇದ್ದೇ ಇರುತ್ತದೆ.

ನಾನು ಕಾನ್‌ಸ್ಟೇಬಲ್. ಚಾರ್ಜ್ ಮೆಮೊ (ದೋಷಾರೋಪಣೆ ಪಟ್ಟಿ) ಬಂದಿದೆ. ಮೊದಲು ಏನು ಮಾಡಲಿ?

ತಗೊಳ್ಳಿ. ಮೆಮೊ ತಗೊಳ್ಳದೆ ತಪ್ಪಿಸಿಕೊಂಡು ಓಡಾಡುವುದರಿಂದ ನಷ್ಟ ನಿಮಗೇ. ಉತ್ತರಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ ನೋಡಿ. ಪಟ್ಟಿಯಲ್ಲಿರುವ ದಾಖಲೆಗಳ ಪ್ರತಿ ಕೊಟ್ಟಿಲ್ಲದಿದ್ದರೆ ಬರಹದಲ್ಲಿ ಕೇಳಿ. ಸಾಹೇಬರು ‘ತಪ್ಪಾಯ್ತು ಅಂತ ಬರ್ಕೊಡು, ಸೆನ್ಸರ್ (ವಾಗ್ದಂಡನೆ) ಮಾಡಿ ಬಿಡ್ತೀನಿ’ ಅಂದರೆ ಒಂದು ರಾತ್ರಿ ಯೋಚಿಸಿ. ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ಆಮೇಲೆ ಬಂದ ಸಾಹೇಬರು ಬೇರೆ ಥರ ಓದಬಹುದು. ವಿಚಾರಣೆಯಲ್ಲಿ ನಿಮ್ಮ ನೆರವಿಗೆ ಇನ್ನೊಬ್ಬ ಸರ್ಕಾರಿ ನೌಕರನನ್ನು ಕೇಳಬಹುದು. ವಕೀಲರು ಬೇಕು ಅನ್ನುವುದು ಹಕ್ಕಲ್ಲ. ದೂರು ಕೊಟ್ಟವರೇ ವಿಚಾರಣಾಧಿಕಾರಿಯಾದರೆ ಮೊದಲ ದಿನವೇ ಆಕ್ಷೇಪ ಸಲ್ಲಿಸಿ. ಶಿಕ್ಷೆಯಾದ ಮೇಲೆ ಹೇಳಿದರೆ ಬೆಲೆ ಕಡಿಮೆ.

ಅಂತಿಮ ಆದೇಶದ ಮೇಲೆ ಇಲಾಖೆಯೊಳಗೇ ಮೇಲ್ಮನವಿ ಇದೆ. ಆಮೇಲೆ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ. ಬೆಂಗಳೂರಿನ ಜೊತೆ ಬೆಳಗಾವಿ, ಕಲಬುರಗಿಯಲ್ಲೂ ಪೀಠಗಳಿವೆ. ಒಂದು ವರ್ಷದೊಳಗೆ ಹೋಗಬೇಕು. ಅದಾದ ಮೇಲೆ ಹೈಕೋರ್ಟ್.

ಯೂನಿಫಾರ್ಮ್‌ನಲ್ಲಿ ರೀಲ್ಸ್ ಮಾಡಿದರೆ, ಸಂಬಳ ಸಾಲದು ಅಂತ ಪೋಸ್ಟ್ ಹಾಕಿದರೆ ತಪ್ಪಾ?

ರೀಲ್ಸ್ ಬೇಡ. ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ನಡತೆ ನಿಯಮ ಅಡ್ಡಿ. ಸಂಘ ಕಟ್ಟುವುದಕ್ಕೆ, ಪತ್ರಿಕೆಗಳಿಗೆ ಹೇಳಿಕೆ ಕೊಡುವುದಕ್ಕೆ 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಅಡ್ಡಿ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವ ಕರೆ ಬಂದಾಗ ಮುಂದಾಳತ್ವ ವಹಿಸಿದವರನ್ನು ಬಂಧಿಸಿದ್ದು ನೆನಪಿರಬಹುದು. ಆಗ ಕೇಳಿದ್ದು ವಾರದ ರಜೆ, ಸರಿಯಾದ ಸಂಬಳ. ನನ್ನ ಅಭಿಪ್ರಾಯ ಕೇಳಿದರೆ, ಹದಿನಾಲ್ಕು ಗಂಟೆ ಬಂದೋಬಸ್ತ್ ಮುಗಿಸಿ ಬಂದವನಿಂದ ಜನರ ಜೊತೆ ತಾಳ್ಮೆ ನಿರೀಕ್ಷಿಸಿ, ಅವನ ಕಷ್ಟ ಹೇಳಲು ಒಂದು ಬಾಗಿಲೂ ಇಡದಿರುವುದು ಸರಿಯಲ್ಲ. ಆದರೆ ನಿಯಮ ಸದ್ಯ ಹೀಗೇ ಇದೆ.

ನನ್ನ ದೂರಿನ ಮೇಲೆ ಏನಾಯಿತು ಅಂತ ಆರ್‌ಟಿಐನಲ್ಲಿ ಕೇಳಬಹುದಾ?

ಹಂತ ಕೇಳಬಹುದು: ದೂರು ಯಾರಿಗೆ ಹೋಯಿತು, ವಿಚಾರಣೆ ಮುಗಿಯಿತಾ, ಏನು ತೀರ್ಮಾನ. ನೌಕರನಿಗೆ ಕೊಟ್ಟ ಮೆಮೊ, ನೋಟಿಸ್, ಶಿಕ್ಷೆಯ ಆದೇಶದ ಪ್ರತಿ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ನಿರಾಕರಿಸುತ್ತಾರೆ. 2012ರ ಸುಪ್ರೀಂ ಕೋರ್ಟ್ ತೀರ್ಪನ್ನು ಅದಕ್ಕೆ ಆಧಾರ ಕೊಡುತ್ತಾರೆ.

ದೂರು ಕೊಟ್ಟರೆ ನನ್ನ ಮೂಲ ಕೇಸು ಸರಿಹೋಗುತ್ತದಾ, ಪರಿಹಾರ ಸಿಗುತ್ತದಾ?

ಇವು ಮೂರೂ ಬೇರೆ ಬೇರೆ. ಶಿಸ್ತು ಕ್ರಮದಿಂದ ಅಧಿಕಾರಿಗೆ ಶಿಕ್ಷೆಯಾಗಬಹುದು, ನಿಮ್ಮ ಜಮೀನಿನ ತಕರಾರು ಹಾಗೇ ಇರುತ್ತದೆ. ನಿಮ್ಮ ಮೇಲೆ ಹಾಕಿದ್ದು ಸುಳ್ಳು ಕೇಸು ಅಂದರೆ ಅದನ್ನು ರದ್ದು ಮಾಡಿಸಲು ಹೈಕೋರ್ಟ್‌ಗೆ ಹೋಗಬೇಕು. ಪರಿಹಾರಕ್ಕೆ ಮಾನವ ಹಕ್ಕುಗಳ ಆಯೋಗ ಶಿಫಾರಸು ಮಾಡಬಹುದು, ಹೈಕೋರ್ಟ್ ಆದೇಶಿಸಬಹುದು. ಒಡಿಶಾದ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಕಸ್ಟಡಿಯಲ್ಲಿ ಸತ್ತ ಮಗನಿಗಾಗಿ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಬೇಕೆಂದು 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗಿನಿಂದ ಈ ದಾರಿ ತೆರೆದಿದೆ.

ದೂರು ಸುಳ್ಳಾದರೆ?

ಸಾಬೀತಾಗದ ದೂರು ಬೇರೆ, ಬೇಕೆಂದೇ ಕೊಟ್ಟ ಸುಳ್ಳು ದೂರು ಬೇರೆ. ಮೊದಲನೆಯದಕ್ಕೆ ಶಿಕ್ಷೆ ಇಲ್ಲ. ಎರಡನೆಯದಕ್ಕೆ ಕೇಸ್ ಆಗಬಹುದು, ಲೋಕಾಯುಕ್ತ ಕಾಯ್ದೆಯಲ್ಲೂ ಸುಳ್ಳು ದೂರಿಗೆ ಶಿಕ್ಷೆ ಇದೆ. ಕಂಡದ್ದನ್ನಷ್ಟೇ ಬರೆದು, ಕೇಳಿದ್ದನ್ನು ‘ಹೀಗೆ ಕೇಳಿದ್ದೇನೆ’ ಅಂತ ಬೇರೆಯಾಗಿ ಬರೆದರೆ ಹೆದರುವ ಕಾರಣವಿಲ್ಲ.